ನಿಮ್ಮೂರು ಯಾವುದು, ಬೀಜೀ?

ಇಬ್ಬರು ಕನ್ನಡಿಗರು ಎಲ್ಲೇ ಸಿಗಲಿ, ಹೆಸರು ಕೇಳುವುದಕ್ಕೂ ಮುಂಚೆ ಬರುವ ಪ್ರಶ್ನೆ ಒಂದೇ: "ನಿಮ್ಮೂರು ಯಾವುದು?" ಮ್ಯೂನಿಕ್ ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತಾಗಲೂ ಕೇಳಿದ್ದೇನೆ, ಯುಗಾದಿ ಊಟದ ಪಂಕ್ತಿಯಲ್ಲಿ ಕೂತಾಗಲೂ ಕೇಳಿಸಿಕೊಂಡಿದ್ದೇನೆ. ನನ್ನ ಉತ್ತರ ಸ್ವಲ್ಪ ಉದ್ದ. "ಮೂಲ ಧಾರವಾಡ, ಬೆಳೆದದ್ದು ಮುಂಬಯಿ, ಈಗ ಮೂವತ್ತು ವರ್ಷದಿಂದ ಆಗ್ಸ್‌ಬುರ್ಗ್." ಮುಂಬಯಿಯಲ್ಲಿ ಎಲ್ಲಿ ಎಂದು ಕೇಳಿದರೆ "ಆಂಟಾಪ್ ಹಿಲ್" ಎನ್ನುತ್ತೇನೆ. ಮುಂಬಯಿ ಬಲ್ಲವರು ಹುಬ್ಬೇರಿಸುತ್ತಾರೆ. ಬಾಂದ್ರಾ, ಜುಹು ಎಂದರೆ ಸಿಗುವ ಮರ್ಯಾದೆ ಆಂಟಾಪ್ ಹಿಲ್‌ಗೆ ಇಲ್ಲ.

ಇಷ್ಟು ಸಲೀಸಾದ ಈ ಪ್ರಶ್ನೆ ಕೆಲವರ ಪಾಲಿಗೆ ಗಾಯದ ಮೇಲೆ ಕೈಯಿಟ್ಟಂತೆ ಎಂಬುದನ್ನು ನಾನು ಎರಡು ಸಲ ಕಲಿತೆ. ಮೊದಲನೆಯದು ಎಂಟನೆಯ ವಯಸ್ಸಿನಲ್ಲಿ, ಆಂಟಾಪ್ ಹಿಲ್‌ನಲ್ಲಿ. ಎರಡನೆಯದು ಐವತ್ತು ದಾಟಿದ ಮೇಲೆ, ಜರ್ಮನಿಯಲ್ಲಿ.

ನನ್ನ ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. 1974ರಲ್ಲಿ ಆಂಟಾಪ್ ಹಿಲ್‌ನ ಸಿ.ಜಿ.ಎಸ್. ಕಾಲೊನಿಯಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ನಮ್ಮ ಕಟ್ಟಡದಲ್ಲಿ ತಮಿಳರು, ಬಂಗಾಳಿಗಳು, ಮಲಯಾಳಿಗಳು, ಮರಾಠಿಗಳು, ಮಧ್ಯದಲ್ಲಿ ನಾವೊಂದು ಧಾರವಾಡದ ಮನೆ. ಕಾಫಿಪುಡಿ, ಬಾಳೆಎಲೆ ಬೇಕಾದರೆ ಮಾಟುಂಗಾಕ್ಕೆ ಹೋಗಬೇಕು. ಕನ್ನಡ ನಾಟಕ ನೋಡಬೇಕಾದರೆ ಅಲ್ಲೇ ಮೈಸೂರು ಅಸೋಸಿಯೇಷನ್. ವಡಾಲಾದಲ್ಲಿ ಎನ್‌.ಕೆ.ಇ.ಎಸ್. ಕನ್ನಡ ಶಾಲೆ. ಇನ್ನೊಂದು ದಿಕ್ಕಿಗೆ ಹತ್ತು ನಿಮಿಷ ನಡೆದರೆ ಸಾಯನ್ ಕೋಳಿವಾಡಾ. ಅಲ್ಲಿ ಸಾಲುಸಾಲಾಗಿ ಒಂದೇ ತರಹದ ಕಟ್ಟಡಗಳು. ಜನ ಅದನ್ನು ಪಂಜಾಬಿ ಕಾಲೊನಿ ಎನ್ನುತ್ತಿದ್ದರು. ಹಳಬರು ಇನ್ನೂ ಕ್ಯಾಂಪ್ ಎನ್ನುತ್ತಿದ್ದರು. ಇಂದು ಹಾರ್ಬರ್ ಲೈನಿನ ಆ ಸ್ಟೇಷನ್ನಿನ ಹೆಸರು ಗುರು ತೇಗ್ ಬಹಾದುರ್ ನಗರ. ನಮ್ಮ ಬಾಯಲ್ಲಿ ಜಿ.ಟಿ.ಬಿ. ನಗರ.

ಅಮ್ಮ ಬ್ಲೌಸ್ ಹೊಲಿಸುತ್ತಿದ್ದುದು ಆ ಕಾಲೊನಿಯ ಒಂದು ಮನೆಯಲ್ಲಿ. ನೆಲಮಹಡಿಯ ಒಂದೇ ಕೋಣೆ, ಒಂದು ಅಡುಗೆಮನೆ. ಕಿಟಕಿಯ ಪಕ್ಕ ಹೊಲಿಗೆ ಮಷಿನ್. ಸೊಸೆ ಹೊಲಿಯುತ್ತಿದ್ದಳು, ಅತ್ತೆ ಕೈಹೊಲಿಗೆ ಹಾಕುತ್ತಿದ್ದರು. ಆ ಅತ್ತೆಯನ್ನು ಇಡೀ ಕಟ್ಟಡ ಬೀಜಿ ಎಂದು ಕರೆಯುತ್ತಿತ್ತು. ಮೊಮ್ಮಗಳು ನನ್ನ ವಯಸ್ಸಿನವಳು. ಬ್ಲೌಸಿನ ನೆಪದಲ್ಲಿ ಶುರುವಾದ ಗೆಳೆತನ ಇಂದಿಗೂ ಇದೆ.

ಅಮ್ಮನಿಗೆ ಅವರ ಕೆಲಸ ಮೆಚ್ಚುಗೆ. ಆದರೆ ಮನೆಗೆ ಬಂದ ಮೇಲೆ ಅಪ್ಪನ ಮುಂದೆ ಹೇಳುತ್ತಿದ್ದುದು ಹೀಗೆ: "ಅವರು ಕ್ಯಾಂಪಿನವರರೀ. ಭಾಳ ಗಟ್ಟಿ ಮಂದಿ. ಎರಡು ರೂಪಾಯಿ ಸೈತ ಬಿಡೂದಿಲ್ಲ." ಆ 'ಕ್ಯಾಂಪಿನವರು' ಎಂಬ ಮಾತಿನಲ್ಲಿ ಏನಿತ್ತೋ ನನಗಾಗ ತಿಳಿಯಲಿಲ್ಲ. ನಾವೂ ಊರು ಬಿಟ್ಟು ಬಂದವರೇ, ಸರ್ಕಾರದ ಮನೆಯಲ್ಲಿರುವವರೇ. ಆದರೂ ನಾವು 'ಟ್ರಾನ್ಸ್‌ಫರ್ ಆಗಿ ಬಂದವರು', ಅವರು 'ಕ್ಯಾಂಪಿನವರು'.

ಮುಂಬಯಿಯಲ್ಲಿ ಬೆಳೆದ ಮಕ್ಕಳಿಗೆ ಮೇ ತಿಂಗಳೆಂದರೆ 'ಗಾಂವ್'. ಒಬ್ಬರು ರತ್ನಾಗಿರಿಗೆ, ಒಬ್ಬರು ಉಡುಪಿಗೆ, ಒಬ್ಬರು ಪಾಲಕ್ಕಾಡಿಗೆ. ನಮ್ಮದು ಮೀರಜ್‌ನಲ್ಲಿ ಗಾಡಿ ಬದಲಿಸಿ ಧಾರವಾಡಕ್ಕೆ. ಒಂದು ವರ್ಷ ಹೊರಡುವ ಮುನ್ನಾದಿನ ಬ್ಲೌಸ್ ತರಲು ಹೋದಾಗ ನಾನು ಬೀಜಿಯನ್ನು ಕೇಳಿದೆ: "ಬೀಜಿ, ನಿಮ್ಮ ಗಾಂವ್ ಯಾವುದು? ನೀವು ರಜೆಗೆ ಯಾಕೆ ಹೋಗೋದೇ ಇಲ್ಲ?"

ಸೊಸೆಯ ಮಷಿನ್ ನಿಂತಿತು. ಅಮ್ಮ ನನ್ನ ತೋಳು ಚಿವುಟಿದಳು. ಬೀಜಿ ಮಾತ್ರ ಸೂಜಿಗೆ ದಾರ ಪೋಣಿಸುತ್ತಲೇ "ಲಾಯಲ್‌ಪುರ್" ಎಂದರು. "ಟ್ರೇನ್ ಹೋಗುತ್ತಾ?" ಎಂದು ಕೇಳಿದೆ. "ಮೊದಲು ಹೋಗ್ತಿತ್ತು, ಬೇಟಾ."

1977ರಲ್ಲಿ ಪಾಕಿಸ್ತಾನ ಸರ್ಕಾರ ಲಾಯಲ್‌ಪುರಕ್ಕೆ ಸೌದಿ ದೊರೆ ಫೈಸಲ್‌ರ ನೆನಪಿನಲ್ಲಿ ಫೈಸಲಾಬಾದ್ ಎಂದು ಹೆಸರಿಟ್ಟಿತು. ಅಪ್ಪ ಪೇಪರಿನಲ್ಲಿ ಓದಿ ಹೇಳಿದರು. ಆಗ ನಾನು ಸಾಮಾನ್ಯ ಜ್ಞಾನದ ಸ್ಪರ್ಧೆಗಳಲ್ಲಿ ಬಹುಮಾನ ಗಿಟ್ಟಿಸುತ್ತಿದ್ದ ಹನ್ನೊಂದು ವರ್ಷದ ಹುಡುಗಿ. ಓಡಿಹೋಗಿ ಬೀಜಿಗೆ ಸುದ್ದಿ ಕೊಟ್ಟೆ, ಬಹುಮಾನ ಬಂದವಳ ಹಾಗೆ. "ಬೀಜಿ, ನಿಮ್ಮ ಊರಿನ ಹೆಸರೇ ಬದಲಾಯ್ತು!" ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಕೇಳಿದ್ದು ಇಷ್ಟೇ: "ಘಂಟಾಘರ್ ಇದೆಯಂತಾ?"

ಲಾಯಲ್‌ಪುರದ ನಡುವೆ ಒಂದು ಗಡಿಯಾರದ ಗೋಪುರ. ಅದರಿಂದ ಎಂಟು ದಿಕ್ಕಿಗೆ ಎಂಟು ಬಜಾರುಗಳು. ಬ್ರಿಟಿಷರು ಕಾಲುವೆ ತೋಡಿ ನೀರಾವರಿ ಮಾಡಿದ ಸೀಮೆಯಲ್ಲಿ ನಕ್ಷೆ ಬರೆದು ಕಟ್ಟಿದ ಊರು ಅದು. ಎಂಟು ಬಜಾರುಗಳ ಪೈಕಿ ಒಂದರಲ್ಲಿ ಬೀಜಿಯ ಮಾವನವರ ಬಟ್ಟೆ ಅಂಗಡಿ, ಮೇಲೆ ಮನೆ. 1947ರ ಸೆಪ್ಟೆಂಬರಿನಲ್ಲಿ ಅವರು ಅಲ್ಲಿಂದ ಹೊರಟಾಗ ಬೀಜಿಗೆ 22 ವರ್ಷ, ಕಂಕುಳಲ್ಲಿ ಒಂದು ಮಗು. ಸುತ್ತಲಿನ ಹಳ್ಳಿಗಳವರು ಎತ್ತಿನಗಾಡಿ ಕಟ್ಟಿಕೊಂಡು ಮೈಲಿಗಟ್ಟಲೆ ಉದ್ದದ ಸಾಲಿನಲ್ಲಿ ರಾವಿ ನದಿಯ ಬಲ್ಲೋಕಿ ದಾಟಿ ಗಡಿಯತ್ತ ನಡೆದರು. ಬೀಜಿಯವರಿಗೆ ಕೆಲವು ವಾರ ಕ್ಯಾಂಪಿನಲ್ಲಿ ಕೂತ ಮೇಲೆ ರೈಲು ಸಿಕ್ಕಿತು. ಅಮೃತಸರ, ಅಲ್ಲಿಂದ ಕುರುಕ್ಷೇತ್ರದ ಡೇರೆ ಊರು, ಕೊನೆಗೆ ಯಾರೋ ನೆಂಟರ ಮಾತು ನಂಬಿ ಬೊಂಬಾಯಿ. ಇಲ್ಲಿ ಮೊದಲು ಬ್ಯಾರಕ್, ಗೋಣಿತಟ್ಟಿನ ಪರದೆ ಕಟ್ಟಿ ಒಂದೇ ಹಾಲಿನಲ್ಲಿ ಹಲವು ಸಂಸಾರ. ಆಮೇಲೆ ಈ ಒಂದು ಕೋಣೆಯ ಮನೆ.

ದೇಶ ವಿಭಜನೆಯಲ್ಲಿ ಎರಡೂ ಕಡೆ ಸೇರಿ ಸುಮಾರು ಒಂದೂವರೆ ಕೋಟಿ ಜನ ಮನೆ ಬಿಟ್ಟರು. ಸತ್ತವರ ಲೆಕ್ಕ ಎರಡು ಲಕ್ಷದಿಂದ ಇಪ್ಪತ್ತು ಲಕ್ಷದವರೆಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮುಂಬಯಿಗೆ ಬಂದವರಲ್ಲಿ ಹೆಚ್ಚಿನವರು ಸಿಂಧಿಗಳು. 1948ರ ಜನವರಿ 6ರಂದು ಕರಾಚಿಯಲ್ಲಿ ನಡೆದ ಗಲಭೆಯ ನಂತರ ಹಡಗು ಹಡಗಾಗಿ ಬಂದಿಳಿದರು. ಕಲ್ಯಾಣದ ಬಳಿ ಯುದ್ಧಕಾಲದಲ್ಲಿ ಸೈನಿಕರಿಗೆಂದು ಕಟ್ಟಿ ಖಾಲಿ ಬಿದ್ದಿದ್ದ ಐದು ಶಿಬಿರಗಳಲ್ಲಿ ಅವರನ್ನು ಇಳಿಸಿದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಅಲ್ಲಿ ಶಂಕುಸ್ಥಾಪನೆ ಮಾಡಿದರು, ಊರಿಗೆ ಉಲ್ಲಾಸನಗರ ಎಂಬ ಹೆಸರು ಬಂತು. ಚೆಂಬೂರು, ಮುಲುಂಡ್, ಸಾಯನ್ ಕೋಳಿವಾಡಾಗಳಲ್ಲೂ ಸಿಂಧಿ, ಪಂಜಾಬಿ ಕುಟುಂಬಗಳು ನೆಲೆಸಿದವು. 'ಪ್ರಾನ್ಸ್ ಕೋಳಿವಾಡಾ' ಎಂದು ಇಂದು ಮಂಗಳೂರಿನ ಹೋಟೆಲುಗಳಲ್ಲೂ ಸಿಗುವ ಖಾದ್ಯ ಇದೆಯಲ್ಲ, ಅದು ಹುಟ್ಟಿದ್ದು ಸಾಯನ್ ಕೋಳಿವಾಡಾದ ಪಂಜಾಬಿಗಳ ಬಾಣಲೆಯಲ್ಲಿ ಎನ್ನುತ್ತಾರೆ. ಕೋಳಿಗಳ ಸಿಗಡಿ, ಪಂಜಾಬಿಗಳ ಕಡಲೆಹಿಟ್ಟು, ಓಮ.

ಬೀಜಿಯ ಮಂಚದ ಕೆಳಗೆ ಒಂದು ತಗಡಿನ ಟ್ರಂಕ್. ಅದರಲ್ಲಿ ಒಂದು ಫೈಲು. ಅದನ್ನು ಅವರು 'ಕ್ಲೇಮ್' ಎನ್ನುತ್ತಿದ್ದರು. ಬಿಟ್ಟುಬಂದ ಆಸ್ತಿಯ ಹಕ್ಕು ಸಾಧಿಸಲು 1950ರಲ್ಲಿ ಒಂದು ಕಾಯ್ದೆ, ಪರಿಹಾರ ಕೊಡಲು 1954ರಲ್ಲಿ ಇನ್ನೊಂದು ಕಾಯ್ದೆ ಬಂದವು. ಅರ್ಜಿ ಹಾಕಬೇಕು, ಕಾಗದ ತೋರಿಸಬೇಕು, ಇಲ್ಲವೇ ಸಾಕ್ಷಿ ತರಬೇಕು. ಸಣ್ಣ ಆಸ್ತಿಯವರಿಗೆ ಪರಿಹಾರದ ಪಾಲು ಹೆಚ್ಚು, ದೊಡ್ಡ ಆಸ್ತಿಯವರಿಗೆ ಕಡಿಮೆ. ಸರ್ಕಾರ ಕಟ್ಟಿಕೊಟ್ಟ ಮನೆಯ ಬೆಲೆಯನ್ನು ಆ ಪರಿಹಾರದಲ್ಲೇ ಮುರಿದುಕೊಳ್ಳಬಹುದಿತ್ತು.

"ನಾಲ್ಕು ದಿನ ಬಿಟ್ಟು ವಾಪಸ್ ಬರ್ತೀವಿ ಅಂತ ಹೊರಟವರು ಕಾಗದ ಯಾಕೆ ತರ್ತಾರೆ?" ಎಂದು ಬೀಜಿ ಒಮ್ಮೆ ನಮ್ಮಮ್ಮನಿಗೆ ಹೇಳಿದ್ದರು. "ನಾನು ಒಂದು ಹಿತ್ತಾಳೆ ದೇಗಚಿ ತಂದೆ. ಮಗುವಿನ ಹಾಲಿಗೆ ಬೇಕಲ್ಲ. ನೋಂದಣಿ ಕಾಗದ ಅಲ್ಮಾರಿಯಲ್ಲೇ ಉಳಿಯಿತು. ಬೀಗ ಹಾಕಿ, ಬೀಗ ಎಳೆದು ನೋಡಿ ಬಂದೆ." ಅದೇ ಬಜಾರಿನ ಇಬ್ಬರು ದಿಲ್ಲಿಯಲ್ಲಿದ್ದಾರೆಂದು ಹೇಗೋ ಪತ್ತೆಯಾಗಿ, ಅವರ ಸಾಕ್ಷಿಯಿಂದ ಅರ್ಧದಷ್ಟು ಸಿದ್ಧವಾಯಿತಂತೆ. ಆ ಅರ್ಧದ ಅರ್ಧ ಕೈಗೆ ಬಂತಂತೆ.

ಆಮೇಲೆ ನಾನು ತಿಳಿದುಕೊಂಡ ಒಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಈ ಪರಿಹಾರದ ನಿಧಿಯಲ್ಲಿ ದೊಡ್ಡ ಪಾಲು ಬಂದದ್ದು ಪಾಕಿಸ್ತಾನಕ್ಕೆ ಹೋದ ಮುಸಲ್ಮಾನರು ಇಲ್ಲಿ ಬಿಟ್ಟುಹೋದ ಮನೆ, ಜಮೀನುಗಳಿಂದ. ಗಡಿಯಾಚೆಯೂ ಇದೇ ನಡೆಯಿತು. ಅಮೃತಸರದಿಂದಲೋ ಜಲಂಧರದಿಂದಲೋ ಓಡಿಬಂದ ಒಂದು ಕುಟುಂಬ ಲಾಯಲ್‌ಪುರದ ಆ ಅಂಗಡಿಯ ಮೇಲಿನ ಮನೆಯ ಬೀಗ ಒಡೆದು ಒಳಗೆ ಹೋಗಿರಬೇಕು. ಅವರೂ ಎಲ್ಲೋ ಒಂದು ಬೀಗ ಎಳೆದು ನೋಡಿ ಬಂದವರೇ.

ಈಗ ಜರ್ಮನಿಗೆ ಬರುತ್ತೇನೆ. ಮದುವೆಯಾಗಿ ನಾನಿಲ್ಲಿಗೆ ಬಂದದ್ದು 1994ರಲ್ಲಿ. ಬಹಳ ವರ್ಷ ಕಳೆದ ಮೇಲೆ ಈಗಿನ ಮನೆಗೆ ಬಂದೆವು. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ. ಒಂಟಿ ಜೀವ. ಕಸದ ಡಬ್ಬಿ ಯಾವ ದಿನ ಹೊರಗಿಡಬೇಕು ಎಂಬಲ್ಲಿಂದ ಪರಿಚಯ ಶುರು. ಒಂದು ದಿನ ಚಹಾಕ್ಕೆ ಕರೆದಾಗ ನನ್ನ ಕನ್ನಡ ಬುದ್ಧಿ ಸುಮ್ಮನಿರದೆ ಕೇಳಿಯೇಬಿಟ್ಟೆ: "ನಿಮ್ಮೂರು ಇದೇನಾ?"

ಅಜ್ಜಿ ಕಪ್ಪು ಕೆಳಗಿಟ್ಟು "ಗಾಬ್ಲೊನ್ಸ್" ಎಂದರು. "ಈಗ ಆ ಹೆಸರಿನ ಊರು ನಕ್ಷೆಯಲ್ಲಿಲ್ಲ. ಯಬ್ಲೊನೆಟ್ಸ್ ಅಂತ ಹುಡುಕಬೇಕು."

ನನಗೆ ಥಟ್ಟನೆ ಬೀಜಿಯ ಸೂಜಿ ದಾರ ನೆನಪಾಯಿತು.

ಗಾಬ್ಲೊನ್ಸ್ ಇಂದಿನ ಚೆಕ್ ದೇಶದಲ್ಲಿದೆ. ಗಾಜಿನ ಮಣಿ, ಗುಂಡಿ, ನಕಲಿ ಒಡವೆಗಳಿಗೆ ಲೋಕಪ್ರಸಿದ್ಧ. ಓದುಗರಿಗೆ ಆಶ್ಚರ್ಯವಾಗಬಹುದು, ಒಂದು ಕಾಲದಲ್ಲಿ ಭಾರತಕ್ಕೆ ಗಾಜಿನ ಬಳೆಗಳು ಅಲ್ಲಿಂದ ರಫ್ತಾಗುತ್ತಿದ್ದವು. ನಮ್ಮ ಮುತ್ತಜ್ಜಿಯರ ಕೈಯ ಯಾವುದೋ ಡಜನ್ ಬಳೆ ಈ ಅಜ್ಜಿಯ ಊರಿನ ಕುಲುಮೆಯದ್ದಿದ್ದರೂ ಇದ್ದೀತು. ಆ ಸೀಮೆಯಲ್ಲಿ ಜರ್ಮನ್ ಮಾತಾಡುವವರೇ ಬಹುಪಾಲು. 1938ರಲ್ಲಿ ಮ್ಯೂನಿಕ್ ಒಪ್ಪಂದದ ಮೂಲಕ ಹಿಟ್ಲರ್ ಅದನ್ನು ಚೆಕೊಸ್ಲೊವಾಕಿಯಾದಿಂದ ಕಿತ್ತುಕೊಂಡ. ಮರುವರ್ಷ ಉಳಿದ ಚೆಕ್ ನಾಡನ್ನೂ ನುಂಗಿದ. 1942ರಲ್ಲಿ ನಾಜಿಗಳು ಲಿಡಿಟ್ಸೆ ಎಂಬ ಹಳ್ಳಿಯ ಗಂಡಸರನ್ನೆಲ್ಲ ಗುಂಡಿಟ್ಟು ಕೊಂದು ಊರನ್ನೇ ನೆಲಸಮ ಮಾಡಿದರು. ಯುದ್ಧ ಮುಗಿದದ್ದೇ ತಡ, ಆ ಸಿಟ್ಟೆಲ್ಲ ಅಲ್ಲಿನ ಜರ್ಮನ್ನರ ಮೇಲೆ ತಿರುಗಿತು. 1945ರ ಮೇ ಕೊನೆಯಲ್ಲಿ ಬ್ರ್ನೋ ನಗರದ ಹೆಂಗಸರು, ಮಕ್ಕಳು, ಮುದುಕರನ್ನು ಆಸ್ಟ್ರಿಯಾ ಗಡಿಯ ಕಡೆಗೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಅನೇಕರು ಸತ್ತರು. ಆಗಸ್ಟಿನಲ್ಲಿ ಪಾಟ್ಸ್‌ಡಾಮ್‌ನಲ್ಲಿ ಸೇರಿದ ಗೆದ್ದ ರಾಷ್ಟ್ರಗಳು ಪೋಲೆಂಡ್, ಚೆಕೊಸ್ಲೊವಾಕಿಯಾ, ಹಂಗರಿಗಳ ಜರ್ಮನ್ನರನ್ನು ಜರ್ಮನಿಗೆ ಸಾಗಿಸಲು ಒಪ್ಪಿಗೆಯಿತ್ತವು. ವರ್ಗಾವಣೆ ಕ್ರಮಬದ್ಧವಾಗಿ, ಮಾನವೀಯವಾಗಿ ನಡೆಯಲಿ ಎಂದೂ ಬರೆದವು.

ಅಜ್ಜಿಗೆ ಆಗ 11 ವರ್ಷ. 1946ರ ಒಂದು ಬೆಳಿಗ್ಗೆ ತಲೆಗೆ 50 ಕಿಲೋ ಸಾಮಾನು ಕಟ್ಟಿಕೊಂಡು ಹೊರಡಿ ಎಂದರು. ದನ ಸಾಗಿಸುವ ರೈಲು ಡಬ್ಬಿ. ಒಂದು ಗಾಡಿಗೆ 40 ಡಬ್ಬಿ, ಒಂದು ಡಬ್ಬಿಗೆ 30 ಜನ. ಲೆಕ್ಕ ಕ್ರಮಬದ್ಧವೇ. ಚೆಕೊಸ್ಲೊವಾಕಿಯಾದಿಂದ ಸುಮಾರು 30 ಲಕ್ಷ, ಎಲ್ಲ ಕಡೆಯಿಂದ ಸೇರಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಹೀಗೆ ಬಂದರು. 1950ರ ಹೊತ್ತಿಗೆ ಪಶ್ಚಿಮ ಜರ್ಮನಿಯಲ್ಲಿ ಸುಮಾರು 80 ಲಕ್ಷ, ಪೂರ್ವದಲ್ಲಿ ಸುಮಾರು 40 ಲಕ್ಷ. ದೇಶವೇ ಬಾಂಬು ಬಿದ್ದು ಹಾಳಾಗಿತ್ತು. ರೈತರ ಮನೆಗಳಲ್ಲಿ ಒಂದು ಕೋಣೆ ಇವರಿಗೆ ಬಿಡಬೇಕೆಂದು ಸರ್ಕಾರ ಕಡ್ಡಾಯ ಮಾಡಿತು. ಬವೇರಿಯಾದ ಆ ಹಳ್ಳಿಯ ಒಡತಿ ಅಜ್ಜಿಯ ತಾಯಿಗೆ ಒಲೆ ಮುಟ್ಟಲು ಬಿಡುತ್ತಿರಲಿಲ್ಲವಂತೆ. ಶಾಲೆಯಲ್ಲಿ ಮಕ್ಕಳು ಇವರ ಮಾತಿನ ಧಾಟಿ ಅಣಕಿಸುತ್ತಿದ್ದರಂತೆ. "ಒಂದೇ ಭಾಷೆ, ಒಂದೇ ದೇವರು. ಆದರೂ ನಾವು ಲಾಗರಿನವರು" ಎಂದರು ಅಜ್ಜಿ. ಲಾಗರ್ ಎಂದರೆ ಕ್ಯಾಂಪ್. ನನಗೆ ಅಮ್ಮನ ದನಿ ಕೇಳಿಸಿತು.

ಒಂದು ಭಾನುವಾರ ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಕಾವ್ಫ್‌ಬಾಯ್ರನ್‌ಗೆ ಹೋದೆ. ಊರಾಚೆ ಕಾಡಿನ ನಡುವೆ ಯುದ್ಧಕಾಲದ ಒಂದು ಮದ್ದುಗುಂಡಿನ ಕಾರ್ಖಾನೆಯಿತ್ತು. ಸೋತ ಮೇಲೆ ಅಮೆರಿಕನ್ನರು ಅದನ್ನು ಸಿಡಿಸಿದ್ದರು. ಆ ಅವಶೇಷಗಳ ಮೇಲೆ 1946ರಿಂದ ಗಾಬ್ಲೊನ್ಸ್‌ನಿಂದ ಬಂದವರು ಮತ್ತೆ ಗಾಜು ಕರಗಿಸಲು ಶುರು ಮಾಡಿದರು. ಎರಿಕ್ ಹುಷ್ಕಾ ಎಂಬ ಎಂಜಿನಿಯರ್ ಮುಂದಾಳು. ಊರಿನ ಹೆಸರು ನಾಯ್‌ಗಾಬ್ಲೊನ್ಸ್, ಅಂದರೆ ಹೊಸ ಗಾಬ್ಲೊನ್ಸ್. ಬೀದಿಗಳ ಹೆಸರು ಹಳೆಯ ಊರಿನವು, ಬೇಕರಿಯಲ್ಲಿ ಹಳೆಯ ಊರಿನ ಮಾತು. ಒಂದು ಮ್ಯೂಸಿಯಮ್ಮೂ ಇದೆ.

ಅಲ್ಲಿ ನಿಂತು ನನಗೆ ಉಲ್ಲಾಸನಗರದ ನೆನಪಾಗದೇ ಇರಲು ಸಾಧ್ಯವೇ? ಅಲ್ಲೂ ಸೈನ್ಯ ಬಿಟ್ಟ ಜಾಗ, ಇಲ್ಲೂ ಸೈನ್ಯಕ್ಕೆ ಮದ್ದು ಅರೆದ ಜಾಗ. ಅಲ್ಲೂ ಬ್ಯಾರಕ್‌ಗಳಲ್ಲಿ ಕೈಗಾರಿಕೆ, ಇಲ್ಲೂ ಹಾಳು ಗೋಡೆಗಳ ನಡುವೆ ಕೈಗಾರಿಕೆ. 'ಶರಣಾರ್ಥಿ' ಎಂದು ಕರೆದಾಗ ಪಂಜಾಬಿಗಳು "ನಾವು ಶರಣಾರ್ಥಿಗಳಲ್ಲ, ಪುರುಷಾರ್ಥಿಗಳು" ಎನ್ನುತ್ತಿದ್ದರು. ನಾಯ್‌ಗಾಬ್ಲೊನ್ಸ್‌ನವರಿಗೆ ಈ ಮಾತು ಗೊತ್ತಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರೇನೋ.

ಒಂದು ದೊಡ್ಡ ವ್ಯತ್ಯಾಸವೂ ಇದೆ. 1952ರಲ್ಲಿ ಪಶ್ಚಿಮ ಜರ್ಮನಿ 'ಲಾಸ್ಟನ್‌ಆವ್ಸ್‌ಗ್ಲೈಷ್' ಎಂಬ ಕಾನೂನು ತಂದಿತು. ಹೊರೆ ಹಂಚಿಕೆ ಎಂದರ್ಥ. ಯುದ್ಧದಲ್ಲಿ ಆಸ್ತಿ ಉಳಿಸಿಕೊಂಡವರು 1948ರ ಜೂನ್‌ನಲ್ಲಿ ತಮಗಿದ್ದ ಆಸ್ತಿಯ ಅರ್ಧದಷ್ಟು ಮೌಲ್ಯವನ್ನು ಮೂವತ್ತು ವರ್ಷಗಳ ಕಂತುಗಳಲ್ಲಿ ತೆರಬೇಕು. ಅದರಿಂದ ಕಳೆದುಕೊಂಡವರಿಗೆ ಪರಿಹಾರ. ಅಜ್ಜಿಯ ಮನೆಯವರಿಗೂ ಸಿಕ್ಕಿತು. ಅವರ ಬಳಿಯೂ ಮನೆಯ ಕಾಗದ ಇರಲಿಲ್ಲ. ಹಳೆಯ ಊರಿನವರನ್ನು ಕೇಳಿ ಯಾರ ಮನೆ ಎಷ್ಟಿತ್ತು ಎಂದು ಖಚಿತ ಮಾಡಿಕೊಳ್ಳಲು ಸರ್ಕಾರವೇ ಕಚೇರಿಗಳನ್ನು ತೆರೆದಿತ್ತು. ಬೀಜಿಗೆ ದಿಲ್ಲಿಯಲ್ಲಿ ಸಿಕ್ಕ ಇಬ್ಬರು ಸಾಕ್ಷಿಗಳನ್ನು ನೆನೆದೆ.

"ನಿಮಗೆ ಸಿಟ್ಟಿಲ್ಲವೇ?" ಎಂದು ಕೇಳಿದೆ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. "1938ರಲ್ಲಿ ಹಿಟ್ಲರ್‌ನ ಸೈನ್ಯ ಬಂದಾಗ ನಮ್ಮಮ್ಮ ಹೂವು ಎಸೆದಿದ್ದಳು. ಬೀದಿಯವರೆಲ್ಲ ಎಸೆದಿದ್ದರು. ಎದುರುಮನೆಯ ಚೆಕ್ ಮೇಷ್ಟ್ರು ಆ ವಾರವೇ ಮನೆ ಖಾಲಿ ಮಾಡಿಕೊಂಡು ಹೋದರು. ಅವರು ಎಲ್ಲಿ ಹೋದರೆಂದು ನಾವು ಕೇಳಲಿಲ್ಲ. ಎಂಟು ವರ್ಷದ ನಂತರ ನಮ್ಮ ಸರದಿ ಬಂತು. ನಾನು ಮಗುವಾಗಿದ್ದೆ, ನನ್ನದೇನು ತಪ್ಪು ಅಂತ ಇವತ್ತಿಗೂ ಕೇಳಿಕೊಳ್ಳುತ್ತೇನೆ. ಆ ಮೇಷ್ಟ್ರ ಮಕ್ಕಳೂ ಕೇಳಿಕೊಂಡಿರಬೇಕು."

ಇದನ್ನು ಬರೆಯುವಾಗ ನನಗೆ ಎಚ್ಚರಿಕೆ ಬೇಕು ಎಂಬುದು ಗೊತ್ತು. ಹಿಟ್ಲರ್‌ನ ಜರ್ಮನಿ ಹಚ್ಚಿದ ಬೆಂಕಿಯನ್ನೂ ನಮ್ಮ ದೇಶ ವಿಭಜನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಹನ್ನೊಂದು ವರ್ಷದ ಹುಡುಗಿಯ 50 ಕಿಲೋ ಗಂಟು, 22 ವರ್ಷದ ಬಾಣಂತಿಯ ಹಿತ್ತಾಳೆ ದೇಗಚಿ, ಇವು ಪಕ್ಕಪಕ್ಕ ಇಡಬಹುದಾದವು.

ನಮ್ಮ ಕನ್ನಡದ 'ನಿರಾಶ್ರಿತ' ಎಂಬ ಪದದ ಬಗ್ಗೆಯೂ ಆಗಲೇ ಯೋಚಿಸಿದ್ದು. ಆಶ್ರಯ ಇಲ್ಲದವರು, ಅಷ್ಟೇ. ಯಾರು ಇಲ್ಲವಾಗಿಸಿದರು ಎಂಬುದು ಆ ಪದದಲ್ಲಿಲ್ಲ, ನೆರೆ ಬಂದು ಮನೆ ಹೋದವರಿಗೂ ಅದೇ ಪದ. ಜರ್ಮನ್ನರು ಇವರನ್ನು 'ಹೈಮಾಟ್‌ಫರ್ಟ್ರೀಬೆನೆ' ಎನ್ನುತ್ತಾರೆ, ತಾಯ್ನೆಲದಿಂದ ಅಟ್ಟಲ್ಪಟ್ಟವರು. ಅಟ್ಟಿದವರು ಆ ಪದದೊಳಗೇ ಇದ್ದಾರೆ. ನಮ್ಮಲ್ಲಿ ಅಂಥ ಮಾತಿಲ್ಲವೇ ಎಂದು ಹುಡುಕಿದಾಗ ಅಜ್ಜನ ಬಾಯಿಂದ ಕೇಳಿದ ಪದ ನೆನಪಾಯಿತು: ಒಕ್ಕಲೆಬ್ಬಿಸುವುದು. ಕೂತವರನ್ನು ಎಬ್ಬಿಸುವ ಕೈಯೊಂದು ಆ ಪದದಲ್ಲಿ ಕಾಣುತ್ತದೆ. ಬೈಲುಕುಪ್ಪೆಯ ಟಿಬೆಟನ್ನರು, ಸಿಂಧನೂರಿನ ಕ್ಯಾಂಪುಗಳ ಬಂಗಾಳಿಗಳು, 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಸುಳ್ಯದ ರಬ್ಬರ್ ತೋಟಗಳಲ್ಲಿ ದುಡಿದ ತಮಿಳರು, ನಮ್ಮ ನಾಡಿನೊಳಗೂ ಹೀಗೆ ಎಬ್ಬಿಸಲ್ಪಟ್ಟವರಿದ್ದಾರೆ. ಅವರ ಊರಿನ ಹಾದಿಯಲ್ಲಿ ಓಡಾಡುತ್ತೇವೆ, ಹಾಗೆ ಕರೆಯುವುದಿಲ್ಲ.

ಆಂಟಾಪ್ ಹಿಲ್‌ನ ಇನ್ನೊಂದು ನೆನಪು ಹೇಳದೆ ಮುಗಿಸಿದರೆ ಈ ಬರಹಕ್ಕೆ ಮೋಸ ಮಾಡಿದಂತೆ. ಬೀಜಿಯ ಮನೆಯ ಹೊಲಿಗೆಗೆ ಕಾಜ-ಬಟನ್ ಮಾಡಿಕೊಡುತ್ತಿದ್ದವರು ಒಬ್ಬ ಚಾಚಾ, ಉತ್ತರ ಪ್ರದೇಶದ ಮುಸಲ್ಮಾನರು. ಇಪ್ಪತ್ತು ವರ್ಷದ ಒಡನಾಟ. 1992ರ ಡಿಸೆಂಬರ್, 1993ರ ಜನವರಿಯ ಗಲಭೆ ನಮ್ಮ ಕಡೆಯೂ ಬಂತು. ಶ್ರೀಕೃಷ್ಣ ಆಯೋಗದ ವರದಿಯಲ್ಲಿ ಆಂಟಾಪ್ ಹಿಲ್ ಪೊಲೀಸ್ ಠಾಣೆಯ ಸರಹದ್ದಿಗೂ ಒಂದು ಭಾಗವಿದೆ. ಕರ್ಫ್ಯೂ ಸಡಿಲವಾದ ಒಂದು ಮಧ್ಯಾಹ್ನ ನಾನು ಗೆಳತಿಯನ್ನು ನೋಡಲು ಹೋಗಿದ್ದೆ. ಚಾಚಾ ಹೆಂಡತಿ, ಮಕ್ಕಳೊಂದಿಗೆ ಬಾಗಿಲಲ್ಲಿ ನಿಂತಿದ್ದರು, ಎರಡು ಗಂಟು, ಒಂದು ಟ್ರಂಕ್. ಊರಿಗೆ ಹೋಗುತ್ತೇವೆ, ಎಲ್ಲ ತಣ್ಣಗಾದ ಮೇಲೆ ಬರುತ್ತೇವೆ, ಟ್ರಂಕ್ ಇಲ್ಲಿಡಬಹುದೇ ಎಂದು ಕೇಳಿದರು.

ಕಟ್ಟಡದ ಕೆಲವು ಹುಡುಗರು ಆಗ ಮೆಟ್ಟಿಲಲ್ಲಿ ನಿಂತು ಬೇರೆ ಮಾತಾಡುತ್ತಿದ್ದರು. 1947ರಲ್ಲಿ ನಮಗಾದದ್ದು ಇವರಿಗೂ ಗೊತ್ತಾಗಲಿ ಎನ್ನುವ ಮಾತು. ಆ ಹುಡುಗರಲ್ಲಿ ಯಾರೂ 1947 ಕಂಡವರಲ್ಲ. ಕಂಡಿದ್ದ ಬೀಜಿ ಟ್ರಂಕನ್ನು ಒಳಗೆಳೆದು ತಮ್ಮ ಟ್ರಂಕಿನ ಪಕ್ಕ ಮಂಚದ ಕೆಳಗೆ ದೂಡಿದರು. ಆಮೇಲೆ ಚಾಚಾನ ಹೆಂಡತಿಯ ಕೈ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ: "ಮನೆಯ ಕಾಗದ ತಗೊಂಡೆಯಾ? ರೇಷನ್ ಕಾರ್ಡು? ಬಾಡಿಗೆ ರಸೀತಿ?" ಆಕೆ ಇಲ್ಲವೆಂದು ತಲೆಯಾಡಿಸಿದಳು. "ಹೋಗು, ತಗೊಂಡು ಬಾ. ನಾಲ್ಕು ದಿನ ಅಂತ ಎಲ್ಲರೂ ಅಂದುಕೊಳ್ತಾರೆ."

ನಾನೂ ಗೆಳತಿಯೂ ಚಾಚಾನ ಜೊತೆ ಅವರ ಖೋಲಿಗೆ ಹೋಗಿ ಕಾಗದಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ತಂದೆವು. ಚಾಚಾ ಮರಳಿ ಬರಲಿಲ್ಲ. ಎರಡು ವರ್ಷದ ನಂತರ ಅವರ ಮಗ ಬಂದು ಟ್ರಂಕ್ ತೆಗೆದುಕೊಂಡು ಹೋದನಂತೆ. ಖೋಲಿ ಮಾರಿ ಲೆಕ್ಕ ಮುಗಿಸಿದ. ಕಾಗದವಿತ್ತು, ಹಾಗಾಗಿ ಮಾರಲಾಯಿತು.

ಅದೇ ವರ್ಷದ ಕೊನೆಗೆ ಅಪ್ಪ ನಿವೃತ್ತರಾದರು. ಸರ್ಕಾರಿ ಕ್ವಾರ್ಟರ್ಸ್, ಬಿಡಲೇಬೇಕು. ಹತ್ತೊಂಬತ್ತು ವರ್ಷ ಬಾಳಿದ ಮನೆಯ ಗೋಡೆಯ ಮೊಳೆ ಕೀಳುವಾಗ ಅಮ್ಮ ಅತ್ತಳು. ಆದರೆ ನಮ್ಮ ಲಾರಿಗೆ ಒಂದು ತಾರೀಕಿತ್ತು, ಹೋಗುವ ಜಾಗಕ್ಕೆ ಒಂದು ವಿಳಾಸವಿತ್ತು. ಧಾರವಾಡದಲ್ಲಿ ಬಾಗಿಲು ತೆರೆದು ಕಾಯುವವರಿದ್ದರು. ಬೀಜಿ ದಾರಿಗೆಂದು ಪರೋಟ ಕಟ್ಟಿಕೊಟ್ಟರು. "ನಿನ್ನ ಗಾಂವ್ ಇದೆ, ನೀನು ಅದೃಷ್ಟವಂತೆ" ಎಂದು ಅಮ್ಮನಿಗೆ ಹೇಳಿದರು. ಅಮ್ಮ ಅವತ್ತಿನಿಂದ 'ಕ್ಯಾಂಪಿನವರು' ಎಂಬ ಮಾತು ಆಡಿದ್ದನ್ನು ನಾನು ಕೇಳಿಲ್ಲ. 2003ರಲ್ಲಿ ಬೀಜಿ ತೀರಿಕೊಂಡರು. ಲಾಯಲ್‌ಪುರ ನೋಡಲಿಲ್ಲ. ಗಾಬ್ಲೊನ್ಸ್‌ನ ಅಜ್ಜಿ 1990ರ ನಂತರ ಮೂರು ಸಲ ತಮ್ಮ ಊರಿಗೆ ಹೋಗಿಬಂದಿದ್ದಾರೆ. ಅವರ ಮನೆಯಲ್ಲಿ ಈಗ ಇರುವ ಚೆಕ್ ಹೆಂಗಸು ಒಳಗೆ ಕರೆದು ಕಾಫಿ ಕೊಟ್ಟು, ತೋಟದ ಸೇಬು ಕೊಟ್ಟು ಕಳಿಸಿದಳಂತೆ. ಬೀಜಿಗೆ ಆ ಒಂದು ಕಪ್ ಚಹಾ ಸಿಗಲಿಲ್ಲ.

ಹೋದ ಡಿಸೆಂಬರಿನಲ್ಲಿ ಮುಂಬಯಿಗೆ ಹೋದಾಗ ಜಿ.ಟಿ.ಬಿ. ನಗರದಲ್ಲಿ ಇಳಿದು ನಡೆದೆ. 1950ರ ದಶಕದಲ್ಲಿ ಕಟ್ಟಿದ ಆ 25 ಕಟ್ಟಡಗಳು ಶಿಥಿಲವಾಗಿ, ಅಪಾಯಕಾರಿ ಎಂದು ಘೋಷಿತವಾಗಿ, ನೆಲಕ್ಕಿಳಿದಿವೆ. ಸುಮಾರು 1,200 ಸಂಸಾರಗಳ ಜಾಗ ಅದು. 2024ರಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ಅದರ ಮರುನಿರ್ಮಾಣವನ್ನು ಮ್ಹಾಡಾಕ್ಕೆ ವಹಿಸಲು ಒಪ್ಪಿದೆ. ಅಲ್ಲಿಯವರೆಗೆ ಜನ ಸಿಕ್ಕಸಿಕ್ಕಲ್ಲಿ ಬಾಡಿಗೆಗಿದ್ದಾರೆ. ನನ್ನ ಗೆಳತಿ ಬಾಡಿಗೆ ಕಡಿಮೆಯೆಂದು ಉಲ್ಲಾಸನಗರಕ್ಕೆ ಹೋಗಿದ್ದಾಳೆ. "ಅಜ್ಜಿ ಕ್ಯಾಂಪಿನಿಂದ ಮನೆಗೆ ಬಂದಳು, ನಾನು ಮನೆಯಿಂದ ಕ್ಯಾಂಪಿಗೆ ಹೋದೆ" ಎಂದು ನಗುತ್ತಾಳೆ. ಅವಳ ನಗು ಬೀಜಿಯದೇ.

ಅವಳ ಮನೆಗೆ ಹೋಗಿದ್ದೆ. ಸಾಮಾನೆಲ್ಲ ಇನ್ನೂ ಪೂರ್ತಿ ಬಿಚ್ಚಿಲ್ಲ. ಮಂಚದ ಕೆಳಗಿನಿಂದ ಆ ತಗಡಿನ ಟ್ರಂಕ್ ಎಳೆದು ತೋರಿಸಿದಳು. 'ಕ್ಲೇಮ್' ಫೈಲು, ಹಂಚಿಕೆ ಪತ್ರ, ಎಪ್ಪತ್ತು ವರ್ಷದ ರಸೀತಿಗಳು, ಒಂದೊಂದೂ ಪ್ಲಾಸ್ಟಿಕ್ ಹಾಳೆಯೊಳಗೆ. ಹೊಸ ಮನೆ ಬಂದಾಗ ಹಕ್ಕು ಕೇಳಲು ಬೇಕು. ಮೇಲೆ ಒಂದು ಹಿತ್ತಾಳೆ ದೇಗಚಿ, ತಳ ಸವೆದದ್ದು. "ಇದು ಯಾವ ಕಚೇರಿಗೂ ಬೇಡ. ನಾನೇ ಇಟ್ಟುಕೊಂಡಿದ್ದೇನೆ" ಎಂದಳು.

ನಾವು ಅನಿವಾಸಿಗಳು ಹಬ್ಬ ಬಂದಾಗ ಊರು ಬಿಟ್ಟ ದುಃಖದ ಬಗ್ಗೆ ಬಹಳ ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಸುಳ್ಳಲ್ಲ ಅದು. ಆದರೆ ನಮ್ಮ ಊರು ನಮ್ಮ ಹೆಸರಿನಲ್ಲೇ ಇನ್ನೂ ಇದೆ, ಟಿಕೆಟ್ ತೆಗೆದರೆ ಮರುದಿನ ತಲುಪಬಹುದು. ಅದು ಎಷ್ಟು ದೊಡ್ಡ ಭಾಗ್ಯ ಎಂಬುದನ್ನು ಹೇಳಿಕೊಟ್ಟವರು ಇಬ್ಬರು ಅಜ್ಜಿಯಂದಿರು. ನಿಮ್ಮ ಪಕ್ಕದ ಮನೆಯಲ್ಲೂ ಅಂಥವರೊಬ್ಬರು ಇರಬಹುದು. ಊರು ಯಾವುದೆಂದು ಕೇಳಿ, ನಮ್ಮ ಅಭ್ಯಾಸ ಬಿಡುವುದು ಬೇಡ. ಉತ್ತರ ಬರುವವರೆಗೆ ಸ್ವಲ್ಪ ಕಾಯಿರಿ. ನನ್ನ ಹಾಗೆ ಟ್ರೇನ್ ಹೋಗುತ್ತದೆಯೇ ಎಂದು ಮಾತ್ರ ತಕ್ಷಣ ಕೇಳಬೇಡಿ.